ಮುನೀರನ ರಾಜ ನಡೆದನೋ, ಜಿಗಿದನೋ

ಇದು ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಮೂವತ್ತಕ್ಕೂ ಹೆಚ್ಚು ವರ್ಷ ನನ್ನ ತಲೆಯಲ್ಲಿ ಬಿದ್ದುಕೊಂಡಿದ್ದ ಸಂಗತಿ ಇದು. ಅಷ್ಟು ಕಾಲ ಒಂದು ತಲೆಯೊಳಗೆ ಇದ್ದ ಯಾವುದೂ ಇದ್ದ ಹಾಗೆಯೇ ಉಳಿದಿರುತ್ತದೆ ಎಂಬ ನಂಬಿಕೆ ನನಗಿಲ್ಲ. ನಾನು ಇತಿಹಾಸ ಓದಿದವನು, ಅದನ್ನೇ ಓದಿಸುತ್ತ ನಿವೃತ್ತಿಯ ಹತ್ತಿರ ಬಂದವನು. ‘ಕಣ್ಣಾರೆ ಕಂಡೆ’ ಎಂದು ಬರೆದಿಟ್ಟವರನ್ನು ಯಾಕೆ ಸುಲಭವಾಗಿ ನಂಬಬಾರದು ಎಂದು ಹುಡುಗರಿಗೆ ಹೇಳಿಕೊಡುವುದೇ ನನ್ನ ಕಸುಬು. ಆದರೆ ಕಣ್ಣಾರೆ ಕಂಡವನು ನಾನೇ ಆಗಿಬಿಟ್ಟರೆ ಏನು ಮಾಡಬೇಕು ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ.

ಈ ಚಳಿಗಾಲದ ಶುರುವಿನಲ್ಲಿ ಒಂದು ಸಂಜೆ ಕಲಬುರಗಿಯ ಸೇಡಂ ರಸ್ತೆಯ ಔಷಧಿ ಅಂಗಡಿಯಿಂದ ಹೊರಬರುತ್ತಿದ್ದೆ. ಮೆಟ್ಟಿಲ ಪಕ್ಕದಲ್ಲೇ ಒಂದು ತಳ್ಳುಗಾಡಿ, ಅದರ ತುಂಬ ಕೆಂಪು ಬಾಳೆ. ನೀವು ಆ ಹಣ್ಣನ್ನು ತಿಂದಿದ್ದರೆ ಅದರ ವಾಸನೆ ನಿಮಗೆ ಗೊತ್ತಿರುತ್ತದೆ. ಉಳಿದ ಬಾಳೆಹಣ್ಣಿನ ಹಾಗೆ ಅದು ಮೂಗಿಗೆ ಬಂದು ಬಡಿಯುವುದಿಲ್ಲ. ಪಕ್ಕದಲ್ಲಿ ಬಂದು ನಿಂತು, ನಾವು ತಿರುಗಿ ನೋಡಲಿ ಎಂದು ಕಾಯುತ್ತದೆ. ನಾನು ತಿರುಗಿ ನೋಡಿದೆ.

“ಕಮಲಾಪುರದ್ದೇ ಏನು?” ಎಂದು ಕೇಳಿದೆ.

“ಮತ್ತೆಲ್ಲೀದ್ರಿ ಸಾಹೇಬ್ರ? ನಿನ್ನಿ ಸಂಜಿಗಿ ಗಿಡದ ಮ್ಯಾಲಿತ್ತು.”

“ನಿನ್ನೆ ಸಂಜೆ ಗಿಡದ ಮೇಲಿದ್ದದ್ದು ಇವತ್ತು ಇಷ್ಟು ಹಣ್ಣಾಯಿತೇ?”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವು ಹಣ್ಣ ತಗೊಳ್ಳಾಕ ಬಂದೀರೋ, ವಕೀಲಿ ಮಾಡಾಕ ಬಂದೀರೋ?”

ಹಣ್ಣು ತೆಗೆದುಕೊಂಡೆ. ಮನೆಗೆ ಬಂದು ಈ ಮಾತನ್ನು ಹೆಂಡತಿಗೆ ಹೇಳಿದೆ. “ಅಂವ ಹೇಳಿದ್ದು ಖರೇ ಅದ,” ಎಂದಳು. “ಇಷ್ಟು ಸಂಶಯ ಇಟ್ಕೊಂಡು ನೀವು ಮಾಸ್ತರಕಿ ಯಾಕ ಮಾಡಿದ್ರಿ? ಪೊಲೀಸರಾಗ ಸೇರಬೇಕಿತ್ತು.” ಅವಳು ಈ ಮಾತು ಹೇಳುವುದು ಮೊದಲ ಸಲವಲ್ಲ. ಹಾಲಿನವನ ಬಗ್ಗೆಯೂ ಹೇಳಿದ್ದಳು, ಮಗಳ ಮದುವೆಯಲ್ಲಿ ಪುರೋಹಿತರ ಬಗ್ಗೆಯೂ ಹೇಳಿದ್ದಳು.

ಹಣ್ಣು ಸುಲಿಯುತ್ತಿದ್ದಾಗಲೇ ಆ ಫೋನು ಬಂತು. ಊರಿನ ಚೆಸ್ ಸಂಘದವರು. “ಸರ, ನಮ್ಮ ಗ್ರ್ಯಾಂಡ್‌ಮಾಸ್ಟರ್ ಮುನೀರ್ ಸಾಹೇಬ್ರು ಆಟದಿಂದ ನಿವೃತ್ತಿ ಆಗ್ಯಾರ. ಇಲ್ಲೇ ಅವರಿಗೊಂದು ಸತ್ಕಾರ ಇಟ್ಟೀವಿ. ಅವರ ಮೊದಲನೇ ಫೈನಲ್‌ದಾಗ ಎದುರಿಗಿ ಕೂತಿದ್ದವರು ನೀವೇ ಅಲ್ರಿ? ನೀವು ಬಂದು ಎರಡು ಮಾತಾಡಬೇಕು. ಆ ಆಟದ್ದೇ ಹೇಳ್ರಿ. ರಾಜ ನಡದದ್ದು.”

ರಾಜ ನಡೆದದ್ದು. ಸುಲಿದ ಹಣ್ಣನ್ನು ತಟ್ಟೆಗೆ ಇಟ್ಟುಬಿಟ್ಟೆ. ಯಾಕೆಂದರೆ ಆ ದಿನ ರಾಜ ನಡೆಯಲಿಲ್ಲ, ಜಿಗಿದ ಎಂದು ನಾನು ಮೂವತ್ತು ವರ್ಷದಿಂದ ನಂಬಿಕೊಂಡು ಬಂದಿದ್ದೇನೆ.

ಚೆಸ್ ಬಾರದವರಿಗೆ ಇದರಲ್ಲಿ ಏನು ಅಂಥ ವ್ಯತ್ಯಾಸ ಅನ್ನಿಸಬಹುದು. ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ.

ಮುನೀರ್ ಆ ಕೆಂಪು ಬಾಳೆಯ ಊರಾದ ಕಮಲಾಪುರದವನು. ತಾಯಿ ತೀರಿಕೊಂಡಿದ್ದರಿಂದ ತಾಯಿಯ ತಾಯಿ, ಅವನ ನಾನಿ, ಅವನನ್ನು ಬೆಳೆಸಿದಳು. ಕಾಲೇಜಿಗೆಂದು ಕಲಬುರಗಿಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತ. ನಾನು ಕಲಬುರಗಿಯದೇ ಬ್ರಹ್ಮಪುರ ಓಣಿಯ ಹುಡುಗ. ಚೆಸ್ಸನ್ನು ಶಾಲೆಯಲ್ಲಿ, ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಡ್ರಾಯಿಂಗ್ ಮಾಸ್ತರರಿಂದ ಕಲಿತವನು. ಮುನೀರ್ ಕಲಿತದ್ದು ನಾನಿಯಿಂದ, ಹಳೆಯ ಪದ್ಧತಿಯ ಆಟ. ಅದರಲ್ಲಿ ರಾಜನನ್ನು ಬಾದಶಾ ಅನ್ನುತ್ತಿದ್ದರು. ಕ್ಯಾಸ್ಲಿಂಗ್, ಅಂದರೆ ರಾಜನನ್ನು ಆನೆಯ ಮರೆಗೆ ಸರಿಸಿ ಭದ್ರವಾಗಿ ಕೂರಿಸುವುದು, ಅವರ ಆಟದಲ್ಲಿ ಇರಲಿಲ್ಲ. ಅದರ ಬದಲು ಬಾದಶಾನಿಗೆ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ, ನಡುವಿನ ಕಾಯಿಗಳನ್ನು ದಾಟಿ, ಜಿಗಿಯುವ ಹಕ್ಕಿತ್ತು. ಆ ಕಾಲಕ್ಕೆ ಈ ಭಾಗದ ಅನೇಕ ಮನೆಗಳಲ್ಲಿ ಹಾಗೆಯೇ ಆಡುತ್ತಿದ್ದರು. ಪಂದ್ಯಾವಳಿಯಲ್ಲಿ ಮಾತ್ರ ಅದು ತಪ್ಪು. ಅಲ್ಲಿ ಕ್ಯಾಸ್ಲಿಂಗ್ ಬಿಟ್ಟರೆ ರಾಜ ಒಂದು ಸಲಕ್ಕೆ ಒಂದೇ ಮನೆ ನಡೆಯಬೇಕು; ಜಿಗಿದರೆ ಆ ನಡೆ ಸಲ್ಲುವುದಿಲ್ಲ.

ಆ ಫೈನಲ್ಲಿಗೆ ಒಂದು ವಾರ ಮುಂಚೆ ಮುನೀರ್ ನನ್ನನ್ನು ಕಮಲಾಪುರಕ್ಕೆ ಕರೆದುಕೊಂಡು ಹೋಗಿದ್ದ. ಶಹಾಬಾದಿ ಕಲ್ಲು ಹಾಸಿದ ನಡುಮನೆ, ಬಿಸಿಲಿಗೆ ಕಟ್ಟಿದ ಗೋಣಿಪರದೆ, ಗೋಡೆಗೆ ಒರಗಿ ಕುಳಿತ ನಾನಿ. ಕೈಯಲ್ಲಿ ಅಡಕೊತ್ತು. ಮಾತಿಗಿಂತ ಅದರ ಸದ್ದೇ ಹೆಚ್ಚು: ಕಟಕ್, ಕಟಕ್. ಮುಂದೆ ಚೆಸ್ ಆಡುವ ಬಟ್ಟೆಯ ಹಾಸು, ಮನೆಗಳನ್ನು ನೂಲಿನಲ್ಲಿ ಹೊಲಿದದ್ದು. ಮುನೀರ್ ಹಣ್ಣು ತರುತ್ತೇನೆಂದು ತೋಟದ ಕಡೆ ಹೋದ. ನಾನಿಯೂ ನಾನೂ ಇಬ್ಬರೇ ಉಳಿದೆವು. ಅವಳು ನನ್ನ ಕಡೆ ಬಾಗಿ ಏನೋ ಹೇಳಿದಳು. ಬಾಯಿಯ ತುಂಬ ಅಡಿಕೆ, ದಖ್ಖನಿ ಉರ್ದು, ಮೇಲಾಗಿ ನನ್ನ ಅರ್ಧಂಬರ್ಧ ಗಮನ. ತಟ್ಟೆಯಲ್ಲಿದ್ದ ಹಣ್ಣು ನನ್ನ ಕಡೆ ತಳ್ಳಿದಳು, ಅದು ನೆನಪಿದೆ. ‘ತಿನ್ನು ಮಗಾ’ ಎಂದಿರಬೇಕು ಎಂದುಕೊಂಡು ತಿಂದೆ. ಆದರೆ ತಟ್ಟೆಯಲ್ಲಿ ಆಗಲೇ ಹಣ್ಣಿದ್ದರೆ ಮುನೀರ್ ಹಣ್ಣು ತರಲು ಯಾಕೆ ಹೋದ? ನೋಡಿ, ನನ್ನ ನೆನಪಿನ ಗತಿ ಇದು. ಒಂದು ಕಡೆ ಹಿಡಿದು ಎಳೆದರೆ ಇನ್ನೊಂದು ಕಡೆ ಹರಿಯುತ್ತದೆ.

ಇನ್ನು ಫೈನಲ್. ಒಂದು ಶಾಲೆಯ ಹಾಲ್. ಡ್ರಾಯಿಂಗ್ ಮಾಸ್ತರರೇ ನಿರ್ಣಾಯಕರು. ಗೆದ್ದವನು ರಾಜ್ಯಮಟ್ಟಕ್ಕೆ ಹೋಗುವವನು. ನಾನಿ ಕಮಲಾಪುರದಿಂದ ಬಸ್ಸಿನಲ್ಲಿ ಬಂದು, ಬುರ್ಖಾದ ಮುಸುಕು ಹಿಂದಕ್ಕೆ ಹಾಕಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದಳು. ಅಡಕೊತ್ತೂ ಬಂದಿತ್ತು. ಕಟಕ್, ಕಟಕ್. ಡ್ರಾಯಿಂಗ್ ಮಾಸ್ತರರು ಎರಡು ಸಲ ಅವಳ ಕಡೆ ನೋಡಿ, ಮತ್ತೆ ಹಲಗೆಯ ಕಡೆ ತಿರುಗಿದರು.

ಆಟ ಶುರುವಾಗಿ ಸ್ವಲ್ಪದರಲ್ಲೇ ನಾನು ಒಂದು ಶಹ್ ಕೊಟ್ಟೆ. ಶಹ್ ಎಂದರೆ ರಾಜನ ಮೇಲೆ ನೇರ ದಾಳಿ; ರಾಜ ಉತ್ತರ ಕೊಡಲೇಬೇಕು. ನನ್ನ ಒಂಟೆಯನ್ನು, ಅಂದರೆ ಬಿಷಪ್ಪನ್ನು, ಓರೆಯಾಗಿ ಓಡಿಸಿ ಮುನೀರನ ರಾಜನಿಗೆ ಗುರಿಯಿಟ್ಟೆ. ಕಾಯನ್ನು ಹಲಗೆಯ ಮೇಲೆ ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಈ ಒಂದು ಸಂಗತಿಯ ಬಗ್ಗೆ ನನಗೆ ಸಂಶಯವೇ ಇಲ್ಲ, ಯಾಕೆಂದರೆ ಎಷ್ಟೋ ವರ್ಷ ಅದರ ಬಗ್ಗೆ ಹೆಮ್ಮೆಪಟ್ಟಿದ್ದೇನೆ. ಯಾರೂ ಹೇಳಿಕೊಡದೆ, ನನ್ನ ತಲೆಯಿಂದಲೇ ಬಂದ ನಡೆ ಅದು ಎಂಬ ಹೆಮ್ಮೆ.

ನಾನು ಶಹ್ ಕೊಟ್ಟ ಕೂಡಲೇ ಅಡಕೊತ್ತಿನ ಸದ್ದು ನಿಂತಿತು. ಅದು ನಿಂತದ್ದಕ್ಕೇ ನಾನು ತಿರುಗಿ ಬಾಗಿಲ ಕಡೆ ನೋಡಿದೆ. ನಾನಿ ನನ್ನನ್ನೇ ನೋಡುತ್ತಿದ್ದಳು. ಮತ್ತೆ ಹಲಗೆಯ ಕಡೆ ಬಂದರೆ ಮುನೀರನ ರಾಜ ತನ್ನ ಮನೆಯಲ್ಲಿಲ್ಲ. ಕಾಲಾಳು ಪ್ಯಾದೆಗಳ ಸಾಲು ದಾಟಿ, ಕುದುರೆ ಜಿಗಿದು ಬೀಳುವ ಕಡೆ, ಬಯಲಿಗೆ ಬಂದು ನಿಂತಿದ್ದಾನೆ. ಯಾರೂ ಏನೂ ಅನ್ನಲಿಲ್ಲ. ಡ್ರಾಯಿಂಗ್ ಮಾಸ್ತರರೂ ಅನ್ನಲಿಲ್ಲ. ಅವರೂ ಚಿಕ್ಕಂದಿನಲ್ಲಿ ಹಳೆಯ ಆಟ ಆಡಿದವರೇ; ಜಿಗಿಯುವ ಬಾದಶಾನನ್ನು ನೋಡಿ ಪಳಗಿದ ಕಣ್ಣು ತಪ್ಪನ್ನು ಹೇಗೆ ಹಿಡಿದೀತು? ಒಂದು ವಾರ ಹಿಂದೆ ಕಮಲಾಪುರಕ್ಕೆ ಹೋಗಿಬಂದಿದ್ದ ನನ್ನ ಕಣ್ಣೂ ಹಿಡಿಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಸೋತ ಮೇಲೆ, ನನಗೆ ಹೊಳೆಯಿತು. ಆಗ ಹೇಳಿದ್ದರೆ ಸೋತವನ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಹೊಟ್ಟೆಕಿಚ್ಚೇ ಈ ನೆನಪನ್ನು ಹುಟ್ಟಿಸಿತೋ ಎಂಬ ಸಂಶಯವೂ ಅವತ್ತಿನಿಂದಲೇ ಇದೆ.

ಆಮೇಲೆ ಮುನೀರನ ಬದುಕನ್ನು ನಾನು ಪತ್ರಿಕೆಗಳಲ್ಲಿ ಓದಿದೆ. ರಾಜ್ಯ, ದೇಶ, ಹೊರದೇಶ. ಗ್ರ್ಯಾಂಡ್‌ಮಾಸ್ಟರ್ ಆದ ಸುದ್ದಿಯನ್ನು ಧಾನ್ಯದ ಪೇಟೆಯಾದ ನೆಹರು ಗಂಜಿನಲ್ಲಿ, ತೊಗರಿಯ ಧೂಳಿನ ನಡುವೆ, ಭಜಿಯ ಎಣ್ಣೆ ಹೀರಿದ ಕಾಗದದಲ್ಲಿ ಓದಿದೆ. ಎಲ್ಲರೂ ಬರೆಯುತ್ತಿದ್ದದ್ದು ಒಂದೇ: ಇವನ ಆಟ ವಿಚಿತ್ರ. ಬೇರೆಯವರು ರಾಜನನ್ನು ಮೂಲೆಯಲ್ಲಿ ಬಚ್ಚಿಟ್ಟು ಯುದ್ಧ ಮಾಡಿದರೆ ಇವನು ರಾಜನನ್ನೇ ಮುಂದಿಟ್ಟುಕೊಂಡು ಹೊರಡುತ್ತಾನೆ. ಹಲಗೆಯ ತುಂಬ ಕಾಯಿಗಳಿರುವಾಗಲೇ ಇವನ ರಾಜ ಸಂಜೆ ತಿರುಗಾಡಲು ಹೋದವನ ಹಾಗೆ ನಡುವಿನ ಮನೆಗಳಲ್ಲಿ ಓಡಾಡುತ್ತಾನೆ. ಎದುರಾಳಿ ಅವನನ್ನು ಹಿಡಿಯುವ ಆಸೆಗೆ ಬಿದ್ದು, ಇದ್ದಬದ್ದ ಪಡೆಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿಕೊಳ್ಳುತ್ತಾನೆ. ಕೆಲವರು ಪ್ರತಿಭೆ ಎಂದರು, ಕೆಲವರು ಹುಚ್ಚು ಎಂದರು. ನಾನು ಮನಸ್ಸಿನಲ್ಲೇ ಇನ್ನೊಂದು ಹೆಸರು ಇಟ್ಟುಕೊಂಡಿದ್ದೆ: ಒಂದು ಕಳ್ಳ ಜಿಗಿತದ ರುಚಿ ಹತ್ತಿದವನ ಚಟ.

ಕಂಪ್ಯೂಟರು ಬಂದ ಮೇಲೆ ಅವನ ಆಟಗಳನ್ನು ಅದಕ್ಕೆ ಒಪ್ಪಿಸಿ ನೋಡಿದೆ. ರಾಜ ಹೊರಟ ಕೂಡಲೇ ಯಂತ್ರ ‘ಕೆಟ್ಟ ನಡೆ’ ಎನ್ನುತ್ತಿತ್ತು. ನಾನು ಖುಷಿಯಿಂದ ಕುರ್ಚಿ ಬಿಟ್ಟೆದ್ದು ಕೋಣೆಯಲ್ಲಿ ಶತಪಥ ಹಾಕುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಯಂತ್ರ, ಹೇಳಿದ್ದನ್ನು ನುಂಗಿಕೊಂಡು, ‘ಸಮಬಲ’ ಎನ್ನುತ್ತಿತ್ತು. ಯಂತ್ರದ ಮೇಲೂ ಸಂಶಯ ಬಂತು. ಆಮೇಲಾಮೇಲೆ ಅದೇ ಯಂತ್ರದ ಜೊತೆ ಅಭ್ಯಾಸ ಮಾಡಿದ ಹೊಸ ಹುಡುಗರು ಮುನೀರನ ರಾಜನಿಗೆ ಮರುಳಾಗುವುದನ್ನು ಬಿಟ್ಟರು. ತಣ್ಣಗೆ ಕುಳಿತು ಅವನನ್ನು ಸೋಲಿಸತೊಡಗಿದರು. ಆಟ ಬದಲಿಸಿಕೋ ಎಂದು ಎಲ್ಲರೂ ಹೇಳಿದರಂತೆ. ಅವನು ಬದಲಿಸಲಿಲ್ಲ. ಸೋಲುತ್ತ ಸೋಲುತ್ತ, ರಾಜನನ್ನು ನಡೆಸುತ್ತಲೇ ಕೆಳಗಿಳಿದ. ಈಗ ಎಲ್ಲ ಮುಗಿಸಿ ಸತ್ಕಾರಕ್ಕೆಂದು ಊರಿಗೆ ಬರುತ್ತಿದ್ದಾನೆ. ನಾನು ಎದ್ದು ನಿಂತು ಎರಡು ಮಾತಾಡಬೇಕು.

ಜಿಗಿದ ಎಂದು ಹೇಳಿದರೆ, ಅವನ ಕೈಯಲ್ಲಿ ಉಳಿದಿರುವ ಒಂದೇ ಆಸ್ತಿ, ಆ ನಡೆಯುವ ರಾಜನ ಕತೆ, ಅವನ ಊರಿನಲ್ಲೇ ಮುರಿದು ಬೀಳುತ್ತದೆ. ನಡೆದ ಎಂದು ಹೇಳಿದರೆ ನಾನು ಜೀವನವಿಡೀ ಹುಡುಗರಿಗೆ ಕಲಿಸಿದ್ದೆಲ್ಲ ಸುಳ್ಳಾಗುತ್ತದೆ. ಹೋಗುವುದಿಲ್ಲ ಎನ್ನೋಣವೆಂದರೆ ಹೆಂಡತಿ ಆಗಲೇ ನನ್ನ ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದಳು.

ಸತ್ಕಾರದ ದಿನ ಬೆಳಿಗ್ಗೆ ಮುನೀರನೇ ಮನೆಗೆ ಬಂದ. ಗಡ್ಡ ಬೆಳ್ಳಗಾಗಿತ್ತು, ನಗು ಮಾತ್ರ ಅದೇ. ಬಾಗಿಲಲ್ಲೇ ನಿಂತು, “ಏನ್ ಪ್ರೊಫೆಸರ, ಚಪ್ಪಲ್ ಹಾಕ್ಕೋ. ಕಮಲಾಪುರಕ್ಕ ಹೋಗಿ ಬರೋಣು. ಸಂಜಿ ಒಳಗ ತಿರುಗಿ ಬರ್ತೀವಿ,” ಎಂದ.

“ಯಾಕೆ?”

“ನಿನಗೊಂದು ಕೇಳೋದದ. ಇಲ್ಲಿ ಕೇಳಿದ್ರ ನೀ ಸುಳ್ಳ ಹೇಳ್ತಿ. ಅಲ್ಲಿ ಕೂತು ಕೇಳ್ತೀನಿ.”

ನಾನು ಚಪ್ಪಲಿ ಹಾಕಿಕೊಂಡೆ. ಕೇಳಬೇಕಾದವನು ನಾನು, ಇವನಿಗೆ ನನ್ನಲ್ಲಿ ಕೇಳುವುದು ಏನಿದೆ? ಹುಮನಾಬಾದ ರಸ್ತೆಯ ಉದ್ದಕ್ಕೂ ಅವನು ಬೇರೆ ಬೇರೆ ಮಾತಾಡಿದ. ಆಟದ ನಡುವೆ ತಿನ್ನಲು ಕೆಂಪು ಬಾಳೆ ಇಟ್ಟುಕೊಳ್ಳುತ್ತಿದ್ದನಂತೆ. ಹೊರದೇಶದ ಒಬ್ಬ ಎದುರಾಳಿ ಆ ಹಣ್ಣಿನಲ್ಲಿ ಏನೋ ಇದೆ ಎಂದು ದೂರು ಕೊಟ್ಟನಂತೆ. ನಿರ್ಣಾಯಕರು ಬಂದು ಹಣ್ಣು ಸುಲಿದು ನೋಡಿದರಂತೆ. “ನೋಡಿದ್ರು, ಏನೂ ಸಿಗಲಿಲ್ಲ. ಆಮ್ಯಾಲ ತಾವೇ ತಿಂದ್ರು. ಮ್ಯಾಲ ಮತ್ತೊಂದು ಅದ ಏನು ಅಂತ ಕೇಳಿದ್ರು!” ಎಂದು ನಕ್ಕ. ಇದನ್ನು ನಾನು ನಂಬಲಿಲ್ಲ. ಆದರೆ ಅನುಮಾನಿಸುವ ಎದುರಾಳಿಗಳ ವಿಚಾರ ಬಂದಾಗ ಕಿಟಕಿಯ ಹೊರಗೆ ನೋಡಿದೆ.

ಮನೆ ಅದೇ. ನಾನಿ ಈಗಿಲ್ಲ, ಆ ಫೈನಲ್ ಆದ ವರ್ಷವೇ ತೀರಿಕೊಂಡಳು. ಅವಳ ಕಿರಿಮಗಳು, ಮುನೀರನ ಚಿಕ್ಕಮ್ಮ ಜುಬೇದಾ ಖಾಲಾ ಇದ್ದಾಳೆ. ಗೋಡೆಗೆ ಒರಗಿ ಕುಳಿತ ರೀತಿ ತಾಯಿಯದೇ. “ಇಂವ ಅಂವನೇ ಏನು? ಕಡ್ಡಿಯಂಗ ಇದ್ದ, ಈಗ ಕಣಜ ಆಗ್ಯಾನಲ್ಲ!” ಎಂದು ನನ್ನನ್ನು ಬರಮಾಡಿಕೊಂಡಳು. ಚಹಾ ಕೊಟ್ಟು ಒಳಗೆ ಹೋದಳು.

ಮುನೀರ್ ಬಟ್ಟೆಯ ಹಾಸು ಬಿಡಿಸಿ ಕಾಯಿ ಜೋಡಿಸಿದ. “ನಾ ಆಡಿದ ಯಾವ ಆಟಾನೂ ಮರ್ತಿಲ್ಲ. ಅದರಾಗೂ ಇದು ಮೊದಲಿಂದು. ನೋಡು.” ಕೈ ಸರಸರ ಓಡಿತು: ಅವನ ನಡೆ, ನನ್ನ ನಡೆ, ಅವನ ನಡೆ. ಆಮೇಲೆ ನನ್ನ ಒಂಟೆ ಓರೆಯಾಗಿ ಬಂದು ಶಹ್ ಕೊಟ್ಟಿತು. ಅವನೂ ಕಾಯನ್ನು ಜೋರಾಗಿ ಕುಕ್ಕಿದ. “ಹಿಂಗೇ ಕುಕ್ಕಿದ್ದಿ ನೀ,” ಎಂದ. ಆಮೇಲೆ ತನ್ನ ರಾಜನನ್ನು ಒಂದು ಮನೆ ಮುಂದಿಟ್ಟ. ಅವನು ನನ್ನ ಕಡೆಯ ಒಂದು ಪ್ಯಾದೆಯನ್ನು ಸುಮ್ಮನೆ ಒಂದು ಹೆಜ್ಜೆ ದಬ್ಬಿದ. ಆಮೇಲೆ ಅವನ ರಾಜ ಇನ್ನೊಂದು ಮನೆ, ಓರೆಯಾಗಿ. ಈಗ ಅವನು ನಿಂತದ್ದು ಸರಿಯಾಗಿ ನನ್ನ ನೆನಪಿನಲ್ಲಿದ್ದ ಜಾಗದಲ್ಲೇ. ಕುದುರೆ ಒಂದೇ ಜಿಗಿತದಲ್ಲಿ ಬೀಳುವ ಜಾಗ. ರಾಜನಿಗೆ ಎರಡು ಹೆಜ್ಜೆ.

“ನಡುವೆ ನಾನು ಪ್ಯಾದೆ ದಬ್ಬಿದೆನೇ?” ಎಂದು ಕೇಳಿದೆ.

“ದಬ್ಬಿದಿ. ಹಲಗಿ ನೋಡದೆ, ಬಾಗಲ ಕಡಿ ಮುಖ ಮಾಡಿ ದಬ್ಬಿದಿ. ನನಗ ಅವಾಗೇ ನಗು ಬಂದಿತ್ತು.”

ಬೇರೆಯವರ ಅಪರಾಧವನ್ನು ಮೂವತ್ತು ವರ್ಷ ನೆನಪಿಟ್ಟುಕೊಂಡ ತಲೆ ತನ್ನದೇ ಒಂದು ದಡ್ಡ ನಡೆಯನ್ನು ಸದ್ದಿಲ್ಲದೆ ಹೊರಗೆ ಹಾಕಿಬಿಟ್ಟಿತೇ? ಇರಬಹುದು. ಆದರೆ ಗ್ರ್ಯಾಂಡ್‌ಮಾಸ್ಟರ್ ಆದವನು ಯಾವ ಆಟವನ್ನಾದರೂ ತನಗೆ ಬೇಕಾದ ಹಾಗೆ ಹೆಣೆಯಬಲ್ಲ ಎಂದೂ ಅನ್ನಿಸಿತು. ಅದನ್ನು ಬಾಯಿಬಿಟ್ಟೇ ಹೇಳಿದೆ. “ಮುನೀರ್, ಅವತ್ತು ನಿನ್ನ ರಾಜ ಜಿಗಿದ ಅಂತ ನನ್ನ ನೆನಪು. ಹಳೇ ಆಟದ ಹಾಗೆ.”

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವನು ಹಣೆ ಬಡಿದುಕೊಂಡ. “ಅರೆ ಯಾರ್! ಹ್ಯಾಂಗ ಜಿಗೀತಾನ? ನೀ ಶಹಾ ಕೊಟ್ಟಿದ್ದಿಯಲ್ಲ! ಒಮ್ಮಿ ಶಹಾ ಬಿತ್ತು ಅಂದ್ರ ಬಾದಶಾನ ಜಿಗಿತ ಹೋತು. ನಮ್ಮ ಆಟದ ಕಾನೂನು ಅದು. ಆಮ್ಯಾಲ ಅಂವ ಬರೇ ನಡೀಬೇಕು. ನನಗ ಕ್ಯಾಸ್ಲಿಂಗ್ ನೆನಪೇ ಬರಲಿಲ್ಲ ಅವತ್ತು. ಎದ್ಯಾಗ ಪೂರಾ ಕಮಲಾಪುರ ತುಂಬಿತ್ತು. ಜಿಗಿತ ಹೋತು, ಇನ್ನ ನಡೀಬೇಕಷ್ಟ ಅಂತ ತಿಳಿದು ಹೊರಗ ಬಂದೆ. ಬಂದ ಮ್ಯಾಲ ನೋಡ್ತೀನಿ, ನಿನ್ನ ಕಾಯಿ ಎಲ್ಲಾ ನನ್ನ ಬೆನ್ನ ಹತ್ತಿ ದಿಕ್ಕಾಪಾಲ! ಹಂಗೇ ಗೆದ್ದೆ. ನೀ ದಬ್ಬಿದಿ, ನಾ ನಡದೆ. ಮುಂದ ಜನ್ಮಪೂರ್ತಿ ಅದನ್ನೇ ಮಾಡಿದೆ.”

ಶಹ್ ಬಿದ್ದ ಮೇಲೆ ಜಿಗಿತವಿಲ್ಲ ಎಂಬ ನಿಯಮವನ್ನು ನಾನು ಕೇಳಿರಲಿಲ್ಲ, ಅಥವಾ ಕೇಳಿದ್ದು ನೆನಪಿರಲಿಲ್ಲ. ಈಗ ಈ ಗಳಿಗೆಯಲ್ಲಿ ಇವನು ಹುಟ್ಟಿಸಿ ಹೇಳಿದನೇ ಎಂಬ ಗುಮಾನಿಯೂ ಬಂತು. ಅಷ್ಟರಲ್ಲಿ ಅವನು ಧ್ವನಿ ಇಳಿಸಿದ.

“ಈಗ ನಾ ಕೇಳೋದು. ನಮ್ಮ ಕಮಲಾಪುರದ ಮಂದಿ ಎಲ್ಲಾರೂ ಸುರುವಿನಾಗ ಒಂದು ಶಹಾ ಕೊಡ್ತಾರ. ಲಾಭ ಏನೂ ಇಲ್ಲ, ಬಾದಶಾನ ಜಿಗಿತ ಸುಡಾಕ ಅಷ್ಟ. ಆದ್ರ ನೀ ಬ್ರಹ್ಮಪುರದಾಂವ. ನಿನಗ ಹ್ಯಾಂಗ ಗೊತ್ತು ಅದು? ಅದಕ್ಕ ಒಂದು ವಾರ ಮೊದಲ ನೀ ಇಲ್ಲೇ ನಾನಿ ಕೂಡ ಒಬ್ಬನ ಕೂತಿದ್ದಿ. ಖರೇ ಹೇಳು. ನಾನಿ ನಿನಗ ಹೇಳಿಕೊಟ್ಟಳೇನು?”

ನಾನು ಇವನನ್ನು ಅನುಮಾನಿಸುತ್ತ ಕಳೆದ ಅಷ್ಟೂ ವರ್ಷ ಇವನು ನನ್ನನ್ನೂ ತನ್ನ ನಾನಿಯನ್ನೂ ಅನುಮಾನಿಸುತ್ತಿದ್ದ. ನನ್ನ ಅನುಮಾನಕ್ಕೆ ಸೋತವನ ಕಹಿ ಇತ್ತು. ಅವನದರಲ್ಲಿ ಅದಕ್ಕಿಂತ ಆಳದ್ದೇನೋ ಇತ್ತು. ಬೆಳೆಸಿದವಳು ಎದುರಾಳಿಯ ಕಿವಿಯಲ್ಲಿ ಗುಟ್ಟು ಹೇಳಿದಳೇ? ಅವಳನ್ನೇ ಕೇಳೋಣವೆಂದರೆ ಅವಳು ಹೋಗಿಬಿಟ್ಟಳು. ಅವನು ದೇಶದೇಶ ಸುತ್ತಿ ಎಲ್ಲರನ್ನೂ ಸೋಲಿಸಿ, ಸೋತು, ಕೊನೆಗೆ ಈ ಒಂದು ಪ್ರಶ್ನೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಿದ್ದ.

“ಏನೋ ಹೇಳಿದಳು,” ಎಂದೆ. “ಹಣ್ಣು ತಿನ್ನು ಅಂದಳು ಅಂತ ತಿಳಿದೆ. ಆಣೆಗೂ ಗೊತ್ತಿಲ್ಲ.”

“ನೀ ಆಣಿ ಮಾಡೋದು ನಾ ಇದೇ ಮೊದಲ ನೋಡಾಕತ್ತೀನಿ,” ಎಂದು ಕಾಯಿಗಳನ್ನು ಚೀಲಕ್ಕೆ ತುಂಬಿದ. ನಂಬಿದನೋ ಇಲ್ಲವೋ ಅವನ ಮುಖದಿಂದ ತಿಳಿಯಲಿಲ್ಲ. ಮನಸ್ಸಿನದನ್ನು ಮುಖದಲ್ಲಿ ತೋರಿಸದಿರುವುದೇ ಅಲ್ಲವೇ ಅವನ ಕಸುಬು.

ಸಂಜೆ ಸತ್ಕಾರ. ಹಾರ, ಶಾಲು, ಭಾಷಣ, ಎಲ್ಲರ ಬಾಯಲ್ಲೂ ನಡೆಯುವ ರಾಜ. ನನ್ನ ಸರದಿ ಬಂದಾಗ ಎದ್ದು ಮೈಕಿನ ಮುಂದೆ ನಿಂತೆ. ಇಷ್ಟೇ ಹೇಳಿದೆ: “ಆ ದಿನ ಮುನೀರರ ರಾಜ ಹೇಗೆ ಹೊರಗೆ ಬಂದ ಎಂಬುದರ ಬಗ್ಗೆ ನನ್ನ ನೆನಪನ್ನು ನೀವು ನಂಬಬೇಡಿ, ನಾನೇ ನಂಬುವುದಿಲ್ಲ. ಮೊದಲ ಶಹ್ ನಾನು ಕೊಟ್ಟೆ. ಅಷ್ಟು ಮಾತ್ರ ನಿಜ.” ಜನ ಅದು ವಿನಯದ ಮಾತೆಂದುಕೊಂಡು ಚಪ್ಪಾಳೆ ತಟ್ಟಿದರು. ಮುನೀರ್ ಶಾಲಿನೊಳಗೆ ತಲೆ ತಗ್ಗಿಸಿ ಕುಳಿತಿದ್ದ. “ಇಷ್ಟು ಹೇಳಾಕ ಕೋಟ್ ಇಸ್ತ್ರಿ ಮಾಡ್ಸಬೇಕಿತ್ತೇನು?” ಎಂದಳು ಹೆಂಡತಿ, ಆಟೋದಲ್ಲಿ.

ಅವನು ಊರು ಬಿಟ್ಟು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಭಾನುವಾರ ಒಬ್ಬನೇ ಕಮಲಾಪುರದ ಬಸ್ಸು ಹತ್ತಿದೆ. ಜುಬೇದಾ ಖಾಲಾ ತೊಗರಿ ಹಸನು ಮಾಡುತ್ತಿದ್ದಳು. ಉತ್ತರವನ್ನು ನಾನೇ ಬಾಯಿಗೆ ಹಾಕಿ ಪ್ರಶ್ನೆ ಕೇಳಬಾರದು ಎಂಬುದು ನಮ್ಮ ಕಸುಬಿನ ನಿಯಮ. ಅದಕ್ಕೆ ಶಹ್‌ನ ಮಾತೇ ಎತ್ತದೆ, “ಖಾಲಾ, ಆಗ ಮನೆಗೆ ಆಡಲು ಹುಡುಗರು ಬಂದರೆ ನಾನಿ ಏನು ಮಾಡುತ್ತಿದ್ದಳು?” ಎಂದು ಕೇಳಿದೆ.

“ಏನ್ ಮಾಡ್ತಾಳ? ಬಾಳಿಹಣ್ಣ ಕೊಡ್ತಿದ್ಲು. ಅಡಕಿ ಕಡೀತಿದ್ಲು.” ಮೊರ ಕೆಳಗಿಟ್ಟಳು. “ಹೊಸಬ ಬಂದ್ರ ಮುನೀರಗ ಏನರೆ ಕೆಲಸ ಹಚ್ಚಿ ಹೊರಗ ಕಳಸ್ತಿದ್ಲು. ಅಂವ ಹೋದ ಮ್ಯಾಲ ಬಂದಾಂವನ ಕಿವ್ಯಾಗ ಹೇಳ್ತಿದ್ಲು: ಮೊದಲ ಒಂದು ಶಹಾ ಕೊಡು, ಬಾದಶಾ ಜಿಗ್ಯಾಂಗಿಲ್ಲ ಅಂತ.”

“ಎಲ್ಲರಿಗೂ ಹೇಳುತ್ತಿದ್ದಳೇ?”

“ಎಲ್ಲಾರಿಗೂ. ಮುನೀರನ್ನ ಬಿಟ್ಟು. ಮನೀ ಹುಡುಗ್ಗ ಯಾರು ಹೇಳ್ತಾರ? ಅಂವ ಪೆಟ್ಟ ತಿಂದು ಕಲೀಲಿ ಅಂತಿದ್ಲು.”

“ಮತ್ತೆ ಬಂದವರಿಗೆ ಯಾಕೆ?”

ಖಾಲಾ ನನ್ನನ್ನು ಮಂಕನನ್ನು ನೋಡಿದ ಹಾಗೆ ನೋಡಿದಳು. “ತಾಯಿ ಇಲ್ಲದ ಕೂಸು. ಯಾರ ಬಂದ್ರೂ ಗಳಿಗ್ಯಾಗ ಸೋಲಿಸಿ ಕಳಸ್ತಿದ್ದ. ಸೋತಾಂವ ನಾಳಿಗಿ ಬರಂಗಿಲ್ಲ. ಆಮ್ಯಾಲ ಅಂವಗ ಆಡಾಕ ಯಾರದಾರ?”

ಬಸ್ಸಿಗೆ ಕಾಯುತ್ತ ನಿಂತಾಗ ಮುನೀರನಿಗೆ ಫೋನು ಮಾಡಿ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಆ ಕಡೆಯಿಂದ ಮೊದಲು ಮೂಗು ಏರಿಸುವ ಸದ್ದು, ಅದರ ಹಿಂದೆಯೇ ನಗು. “ಅಂದ್ರ ನೀ ನಮ್ಮ ನಾನಿ ಕಡಿಂದ ಹೇಳಿಸ್ಕೊಂಡೂ ಸೋತಿ ಅನ್ನು!”

ನನ್ನ ತಲೆಯಿಂದಲೇ ಬಂತು ಎಂದು ಹೆಮ್ಮೆಪಟ್ಟಿದ್ದ ಆ ಒಂದು ನಡೆಯೂ ಹಾಗೆ ಹೋಯಿತು. ಆದರೂ ನನ್ನ ಸ್ವಭಾವ ಬಿಡಬೇಕಲ್ಲ. ಒಬ್ಬಳ ಮಾತು, ಅದೂ ಮಗಳು ತಾಯಿಯ ಬಗ್ಗೆ ಹೇಳಿದ್ದು; ಮುನೀರನ ದುಃಖ ನೋಡಿ ಕಟ್ಟಿ ಹೇಳಿರಬಾರದೇಕೆ? ನೆಹರು ಗಂಜಿನಲ್ಲಿ ವೀರಣ್ಣ ಎಂಬ ತೊಗರಿ ವ್ಯಾಪಾರಿ ಇದ್ದಾರೆ, ಹುಟ್ಟಿದ್ದು ಕಮಲಾಪುರ. ಹುಡುಗರಾಗಿದ್ದಾಗ ಆ ಮನೆಗೆ ಆಡಲು ಹೋಗುತ್ತಿದ್ದರು ಎಂದು ಕೇಳಿದ್ದೆ. ಅಂಗಡಿಗೆ ಹೋಗಿ ಅದೇ ಪ್ರಶ್ನೆಯನ್ನು ಅದೇ ಹಾಗೆ ಕೇಳಿದೆ. ವೀರಣ್ಣ ತಕ್ಕಡಿ ಬಿಟ್ಟು ನಕ್ಕರು. “ಮುನೀರನ್ನ ಎಣ್ಣಿ ತರಾಕ ಕಳಿಸಿ ಕಿವ್ಯಾಗ ಹೇಳಿದ್ಲ ನೋಡ್ರಿ ಆ ಮುದುಕಿ, ಮೊದಲ ಶಹಾ ಕೊಡು ಅಂತ. ಕೊಟ್ಟೆ. ಆದ್ರೂ ಸೋತೆ. ಮರುದಿನ ಮತ್ತ ಹೋದೆ.”

ಮೊನ್ನೆ ಮತ್ತೆ ಸೇಡಂ ರಸ್ತೆಯ ಆ ಗಾಡಿಯ ಮುಂದೆ ನಿಂತಿದ್ದೆ. ಅವನು ನನ್ನ ಗುರುತು ಹಿಡಿದು, ಪ್ರಶ್ನೆಗೆ ತಯಾರಾಗಿ ಸೊಂಟದ ಮೇಲೆ ಕೈಯಿಟ್ಟುಕೊಂಡ. ನಾನು ಏನೂ ಕೇಳದೆ ಒಂದು ಚಿಪ್ಪು ಹಣ್ಣು ತೆಗೆದುಕೊಂಡೆ. ಕಮಲಾಪುರದ್ದೋ ಅಲ್ಲವೋ, ಗ್ಯಾರಂಟಿ ಕೊಡಲಾರೆ. ರಾಜ ನಡೆದನೋ ಜಿಗಿದನೋ, ಅದನ್ನೂ ನನ್ನ ಕಣ್ಣ ಮೇಲೆ ಆಣೆಯಿಟ್ಟು ಹೇಳಲಾರೆ. ಇಬ್ಬರ ಬಾಯಿಂದ ಬೇರೆ ಬೇರೆ ಕೇಳಿ ತಾಳೆ ನೋಡಿದ್ದು ಇದೊಂದೇ: ಮನೆಗೆ ಬಂದ ಹೊಸಬರ ಕಿವಿಯಲ್ಲಿ ನಾನಿ ಮೊದಲ ಶಹ್‌ನ ಗುಟ್ಟು ಹೇಳುತ್ತಿದ್ದಳು, ಹಾಗೆ ಹೇಳುವ ಮೊದಲು ಮೊಮ್ಮಗನನ್ನು ಏನಾದರೊಂದು ನೆವ ಮಾಡಿ ಹೊರಗೆ ಕಳಿಸುತ್ತಿದ್ದಳು.